ಸಿಡಿ ಓದುತ್ತೆ, ಡಿವಿಡಿ ಓದಲ್ಲ: ಒಂದು ಹಳೆಯ ಪಿಎಸ್2 ಡ್ರೈವ್‌ನ ರಿಪೇರಿ

ಗೇಮ್ ಯಂತ್ರ ಸೋನಿ ಪ್ಲೇಸ್ಟೇಷನ್ 2 (ಪಿಎಸ್2), ದಪ್ಪ ಮಾದರಿ, ಎಸ್‌ಸಿಪಿಎಚ್-39001. ಅಮೆರಿಕದಲ್ಲಿ ಮಾರಾಟವಾದದ್ದು. ಹಾಸನದ ಒಬ್ಬ ಕಾಲೇಜು ಮೇಷ್ಟ್ರಿಗೆ ಅವರ ಭಾವಮೈದ ನ್ಯೂಜೆರ್ಸಿಯಿಂದ ಬರುವಾಗ ತಂದುಕೊಟ್ಟಿದ್ದರು. ಬಹಳ ವರ್ಷ ಅಟ್ಟದ ಮೇಲಿತ್ತು. ಮೇಷ್ಟ್ರ ಮಗ ಪಿಯುಸಿ ಮುಗಿಸಿ ರಜೆಯಲ್ಲಿ ಕೆಳಗಿಳಿಸಿದ. ಊರಿನ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದಾಗ ಸಿಕ್ಕ ಉತ್ತರ ಇಷ್ಟೇ: ಲೆನ್ಸ್ ಹೋಗಿದೆ, ಪಾರ್ಟ್ ಸಿಗಲ್ಲ, ಬಿಸಾಕಿ. ಹಳೆಯ ಗೇಮ್ ಯಂತ್ರಗಳನ್ನು ನಾನು ಬಿಚ್ಚಿ ಜೋಡಿಸುತ್ತೇನೆ ಅಂತ ಯಾರೋ ಹೇಳಿ, ಮೇಷ್ಟ್ರು ನನಗೆ ಫೋನ್ ಮಾಡಿದರು.

"ಯಾವ ಡಿಸ್ಕ್ ಓದಲ್ಲ ಸರ್?"

"ಯಾವುದೂ ಓದಲ್ಲ. ಕೆಂಪು ಸ್ಕ್ರೀನ್ ಬರುತ್ತೆ ಅಷ್ಟೇ."

"ಹಾಡಿನ ಸಿಡಿ ಹಾಕಿ ನೋಡಿದ್ರಾ?"

"ಅದೊಂದು ಹಾಕಿಲ್ಲ ನೋಡಿ."

ಪಿಎಸ್2 ರಿಪೇರಿಯಲ್ಲಿ ನಾನು ಮೊದಲು ಕೇಳುವುದು ಇದನ್ನೇ. "ಡಿಸ್ಕ್ ಓದಲ್ಲ" ಎನ್ನುವುದು ದೂರು, ರೋಗ ಅಲ್ಲ. ಯಾವ ಡಿಸ್ಕ್ ಓದುತ್ತದೆ, ಯಾವುದನ್ನು ಓದಲ್ಲ ಅಂತ ಗೊತ್ತಾದರೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲೇ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಅಂಗಡಿಗಳಲ್ಲಿ ಇದನ್ನು ಕೇಳುವುದೇ ಇಲ್ಲ. ಸೀದಾ ಮುಚ್ಚಳ ತೆಗೆದು ಲೇಸರ್‌ನ ಸ್ಕ್ರೂ ತಿರುಗಿಸುತ್ತಾರೆ. ಈ ಯಂತ್ರಕ್ಕೂ ಹಾಗೇ ಆಗಿತ್ತು, ಅದು ಆಮೇಲೆ ಗೊತ್ತಾಯಿತು.

ಈ ಡ್ರೈವ್ ಹಲವು ಬಗೆಯ ಡಿಸ್ಕ್ ಓದುತ್ತದೆ. ಹಾಡಿನ ಸಿಡಿ, ತಳ ಕಪ್ಪಗಿರುವ ಹಳೆಯ ಪಿಎಸ್1 ಗೇಮ್, ತಳ ನೀಲಿಯಾಗಿರುವ ಪಿಎಸ್2 ಸಿಡಿ ಗೇಮ್, ಬೆಳ್ಳಿ ಬಣ್ಣದ ಡಿವಿಡಿ ಗೇಮ್, ಸಿನಿಮಾ ಡಿವಿಡಿ. ಇದಕ್ಕೆಲ್ಲ ಒಂದೇ ಪಿಕಪ್ (ಲೇಸರ್, ಲೆನ್ಸ್ ಎರಡೂ ಇರುವ, ಡಿಸ್ಕ್ ಓದುವ ಭಾಗ) ಇದ್ದರೂ ಅದು ಎರಡು ಥರದ ಬೆಳಕು ಬಳಸುತ್ತದೆ. ಸಿಡಿಗೆ 780 ನ್ಯಾನೊಮೀಟರ್‌ನ ಅವಕೆಂಪು ಬೆಳಕು, ಡಿವಿಡಿಗೆ 650 ನ್ಯಾನೊಮೀಟರ್‌ನ ಕೆಂಪು ಬೆಳಕು. ಒಂದು ಹೋದರೂ ಇನ್ನೊಂದು ಚೆನ್ನಾಗೇ ಇರಬಹುದು. "ಲೆನ್ಸ್ ಹೋಗಿದೆ" ಅಂದುಬಿಟ್ಟರೆ ಯಾವುದು ಹೋಗಿದೆ ಅಂತ ಗೊತ್ತಾಗಲ್ಲ.

ಯಂತ್ರ ಬಂದಾಗ ಜೊತೆಗೆ ಒಂದು ಚೀಲದ ತುಂಬ ಡಿಸ್ಕ್ ಬಂದವು, ಜೊತೆಗೊಂದು ಭಾರದ ಟ್ರಾನ್ಸ್‌ಫಾರ್ಮರ್ ಕೂಡ. ಅಮೆರಿಕದ ದಪ್ಪ ಪಿಎಸ್2ರ ಪವರ್ ಸಪ್ಲೈ 120 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ನೇರ ಹಾಕಿದರೆ ಡ್ರೈವ್‌ನ ಮಾತು ಬಿಡಿ, ಯಂತ್ರವೇ ಉಳಿಯಲ್ಲ. ಟ್ರಾನ್ಸ್‌ಫಾರ್ಮರ್‌ನ ಔಟ್‌ಪುಟ್ ಮಲ್ಟಿಮೀಟರ್‌ನಲ್ಲಿ ನೋಡಿದೆ, ಸರಿಯಾಗಿತ್ತು.

ಚೀಲದಲ್ಲಿದ್ದ ಡಿಸ್ಕ್‌ಗಳಲ್ಲಿ ಮೂರು ಥರದವನ್ನು ಮೊದಲೇ ಪಕ್ಕಕ್ಕಿಟ್ಟೆ. ಕೆಟ್ಟಿದ್ದು ಡ್ರೈವ್ ಅಂತ ಸುಮ್ನೆ ದಾರಿ ತಪ್ಪಿಸುವ ಡಿಸ್ಕ್‌ಗಳು ಅವು.

ಒಂದು, ಕನ್ನಡ ಸಿನಿಮಾದ ವಿಸಿಡಿಗಳು. ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ಡಿವಿಡಿಗಿಂತ ವಿಸಿಡಿಯೇ ಜಾಸ್ತಿ ಅಲ್ವಾ. ಪಿಎಸ್2 ವಿಸಿಡಿ ಓಡಿಸುವುದೇ ಇಲ್ಲ, ಹೊಸದಿದ್ದಾಗಲೂ ಓಡಿಸಿಲ್ಲ. ಎರಡು, ಹುಡುಗ ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡಿದ್ದ ಕ್ರಿಕೆಟ್ 07 ಗೇಮ್. ಇಲ್ಲಿ ಸಿಗುವ ಆ ಡಿಸ್ಕ್ ಪಾಲ್ ವಲಯದ್ದು, ಯಂತ್ರ ಅಮೆರಿಕದ ಎನ್‌ಟಿಎಸ್‌ಸಿ ವಲಯದ್ದು. ಪಾಲ್, ಎನ್‌ಟಿಎಸ್‌ಸಿ ಎರಡು ಬೇರೆ ಬೇರೆ ಟಿವಿ ಪದ್ಧತಿಗಳು. ವಲಯದ ತಡೆ ದಾಟಿಸುವ ಮೋಡ್ ಚಿಪ್ ಇಲ್ಲದಿದ್ದರೆ ಡ್ರೈವ್ ಎಷ್ಟೇ ಚೆನ್ನಾಗಿರಲಿ, ಕೆಂಪು ಸ್ಕ್ರೀನೇ ಗತಿ. ಅವರು ನೋಡಿದ್ದ ಕೆಂಪು ಸ್ಕ್ರೀನ್‌ನಲ್ಲಿ ಅರ್ಧ ಇದರದ್ದೇ. ಮೂರು, ಬೇರೆ ವಲಯದ ಸಿನಿಮಾ ಡಿವಿಡಿ. ಅಮೆರಿಕದ ಪಿಎಸ್2ಗೆ ವಲಯ 1 ಅಥವಾ ಎಲ್ಲ ವಲಯದ ಡಿವಿಡಿ ಬೇಕು. ನಮ್ಮ ಸಿನಿಮಾ ಡಿವಿಡಿಗಳಲ್ಲಿ ಬಹಳಷ್ಟು ಎಲ್ಲ ವಲಯದವೇ, ಆದರೂ ಕವರ್ ನೋಡಿ ಖಚಿತ ಮಾಡಿಕೊಳ್ಳಬೇಕು.

ಮಿಕ್ಕ ಡಿಸ್ಕ್‌ಗಳನ್ನು ಒರೆಸಿ, ಗೀರು ನೋಡಿ, ಒಂದೊಂದಾಗಿ ಹಾಕಿದೆ.

ಹಾಡಿನ ಸಿಡಿ ತಕ್ಷಣ ಓದಿತು. ಕೊನೆಯ ಹಾಡಿಗೆ ಹಾರಿಸಿದೆ, ಅದೂ ಬಂತು. ಈ ಕೊನೆಯ ಹಾಡು ಮುಖ್ಯ. ಸಿಡಿ ಒಳಗಿನಿಂದ ಹೊರಗೆ ಓದಿಸಿಕೊಳ್ಳುವುದರಿಂದ, ಕೊನೆಯ ಹಾಡು ಬಂತು ಅಂದರೆ ಪಿಕಪ್ ಕಂಬಿಯ ಮೇಲೆ ಪೂರ್ತಿ ಓಡಾಡುತ್ತಿದೆ ಎಂದರ್ಥ. ಪಿಎಸ್1 ಗೇಮ್ ಓಡಿತು. ನೀಲಿ ತಳದ ಗೇಮ್ ಓಡಿತು. ಅಲ್ಲಿಗೆ ಡಿಸ್ಕ್ ತಿರುಗಿಸುವ ಮೋಟಾರು, ಪಿಕಪ್ ಜರುಗಿಸುವ ಮೋಟಾರು, ಸಿಡಿ ಲೇಸರ್ ಮೂರೂ ಪಾಸ್.

2001ರ ಗ್ರ್ಯಾನ್ ಟುರಿಸ್ಮೊ 3 ಬೆಳ್ಳಿ ಡಿವಿಡಿ. ಯಂತ್ರ ತಣ್ಣಗಿದ್ದಾಗ ಕಷ್ಟಪಟ್ಟು ಶುರುವಾಯಿತು. ಅರ್ಧ ಗಂಟೆ ಬಿಟ್ಟು ಅದನ್ನೇ ಮತ್ತೆ ಹಾಕಿದರೆ ಓದಲೇ ಇಲ್ಲ. ಸ್ಯಾನ್ ಆಂಡ್ರಿಯಾಸ್ ಶುರುವಾಗಿ ನಡುವೆ ಹೆಪ್ಪುಗಟ್ಟಿತು. ಗಾಡ್ ಆಫ್ ವಾರ್ 2 ಒಮ್ಮೆಯೂ ಬರಲಿಲ್ಲ.

ಗಾಡ್ ಆಫ್ ವಾರ್ 2 ಎರಡು ಪದರದ ಡಿವಿಡಿ. ಒಂದು ಪದರದ್ದರಲ್ಲಿ 4.7 ಜಿಬಿ ಹಿಡಿದರೆ ಎರಡು ಪದರದ್ದರಲ್ಲಿ 8.5 ಜಿಬಿ. ಎರಡನೆಯ ಪದರ ಓದಲು ಬೆಳಕು ಮೊದಲನೆಯದನ್ನು ದಾಟಿ ಹೋಗಬೇಕಲ್ಲ, ಹಾಗಾಗಿ ಮೊದಲ ಪದರವನ್ನು ಅರೆಪಾರದರ್ಶಕವಾಗಿ ಮಾಡಿರುತ್ತಾರೆ. ಒಂದು ಪದರದ ಡಿವಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 45ರಿಂದ 85% ವಾಪಸ್ ಕಳಿಸುತ್ತದೆ. ಎರಡು ಪದರದ್ದು ಕಳಿಸುವುದು 18ರಿಂದ 30% ಅಷ್ಟೇ. ಲೇಸರ್ ಸೊರಗಿದರೆ ಮೊದಲು ಕೈಕೊಡುವುದು ಈ ಡಿಸ್ಕ್‌ಗಳೇ.

ಹಾಗಂತ ಇಷ್ಟಕ್ಕೇ ಲೇಸರ್ ಹೋಗಿದೆ ಅಂತ ತೀರ್ಮಾನಿಸುವ ಹಾಗಿಲ್ಲ. ಇದೇ ಲಕ್ಷಣ ತೋರಿಸುವ ಕಾರಣ ಮೂರಿವೆ: ಲೆನ್ಸ್ ಮೇಲಿನ ಜಿಡ್ಡು, ಪಿಕಪ್‌ನ ಓರೆ, ಸೊರಗಿದ ಲೇಸರ್. ಸಿಡಿಯಲ್ಲಿ ಮಾಹಿತಿ ಬರೆದ ಹಾದಿಗಳ ನಡುವೆ 1.6 ಮೈಕ್ರಾನ್ ಅಂತರ ಇರುತ್ತದೆ, ಡಿವಿಡಿಯಲ್ಲಿ 0.74 ಮೈಕ್ರಾನ್. ಡಿವಿಡಿಯಲ್ಲಿ ಬೆಳಕನ್ನು ಇನ್ನೂ ಸಣ್ಣ ಚುಕ್ಕೆಯಾಗಿ ಕೂಡಿಸಬೇಕು. ಹಾಗಾಗಿ ಸ್ವಲ್ಪ ಜಿಡ್ಡಿದ್ದರೂ ಸ್ವಲ್ಪ ಓರೆಯಿದ್ದರೂ ಸಿಡಿ ಸಹಿಸಿಕೊಳ್ಳುತ್ತದೆ, ಡಿವಿಡಿ ಸಹಿಸಲ್ಲ. ನನ್ನ ಅನುಮಾನ ಮೂರನೆಯದರ ಕಡೆ ವಾಲಿದ್ದಕ್ಕೆ ಕಾರಣ ಆ ಅರ್ಧ ಗಂಟೆ. ಜಿಡ್ಡು ಕಾದರೂ ಜಿಡ್ಡೇ. ಆದರೆ ಲೇಸರ್ ಬೆಳಕು ಹೊಮ್ಮಿಸುವ ಡಯೋಡ್ ಬಿಸಿಯಾದಷ್ಟೂ ಅದೇ ಬೆಳಕಿಗೆ ಹೆಚ್ಚು ಕರೆಂಟ್ ಕೇಳುತ್ತದೆ. ವಯಸ್ಸಾದಷ್ಟೂ ಹಾಗೇ. ತಣ್ಣಗಿದ್ದಾಗ ಓದಿ ಬಿಸಿಯಾದ ಮೇಲೆ ಓದದಿದ್ದರೆ ಡಯೋಡನ್ನು ಅನುಮಾನಿಸಬೇಕು.

ಒಳಗೇನಿತ್ತು

ದಪ್ಪ ಪಿಎಸ್2ರ ಸ್ಕ್ರೂಗಳು ತಳದಲ್ಲಿ ಚೌಕದ ಸಣ್ಣ ಮುಚ್ಚಳಗಳ ಅಡಿ ಇರುತ್ತವೆ. ಬಿಚ್ಚಿ, ಯಂತ್ರವನ್ನು ಮತ್ತೆ ನೆಟ್ಟಗೆ ಮಾಡಿ, ಮೇಲಿನ ಕವಚವನ್ನು ನಿಧಾನಕ್ಕೆ ಎತ್ತಬೇಕು. ಪವರ್ ಮತ್ತು ಇಜೆಕ್ಟ್ ಬಟನ್‌ಗಳ ಪುಟ್ಟ ಬೋರ್ಡಿಗೆ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಇದೆ. ಅವಸರದಲ್ಲಿ ಎಳೆದರೆ ಅದು ಹರಿಯುತ್ತದೆ, ಆಮೇಲೆ ಯಂತ್ರ ಆನ್ ಆಗುವುದೇ ಇಲ್ಲ. ಪವರ್ ಸಪ್ಲೈ ಕೂಡ ಒಳಗೇ ಇರುವುದರಿಂದ ವೈರ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟೇ ಕೈ ಹಾಕಬೇಕು.

ಡ್ರೈವ್‌ನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಮುಚ್ಚಳದ ಅಡಿಯಲ್ಲಿ ಡಿಸ್ಕನ್ನು ಮೇಲಿನಿಂದ ಅದುಮುವ ಸಣ್ಣ ಬಿಲ್ಲೆ ಇರುತ್ತದೆ. ಮುಚ್ಚಳ ತೆಗೆದು ಪರೀಕ್ಷೆ ಮಾಡುವಾಗ ಈ ಬಿಲ್ಲೆಯನ್ನು ಡಿಸ್ಕ್‌ನ ನಡುವೆ ಕೈಯಿಂದಲೇ ಇಡಬಹುದು. ಆಯಸ್ಕಾಂತ ಹಿಡಿದುಕೊಳ್ಳುತ್ತದೆ. ಹೀಗೆ ತೆರೆದಿಟ್ಟು ನೋಡಿದರೆ ಡ್ರೈವ್ ಏನು ಮಾಡುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಡಿಸ್ಕ್ ಹಾಕಿದ ಕೂಡಲೇ ಲೆನ್ಸ್ ಮೇಲೆ ಕೆಳಗೆ ಕುಣಿದು ಫೋಕಸ್ ಹುಡುಕುತ್ತದೆ. ಡಿವಿಡಿ ಲೇಸರ್‌ನ ಕೆಂಪು ಬೆಳಕು ಓರೆಯಿಂದ ಕಾಣುತ್ತದೆ. ನೇರ ಮೇಲಿನಿಂದ ಬಗ್ಗಿ ನೋಡಬಾರದು, ಕಣ್ಣಿಗೆ ಅಪಾಯ. ಈ ಯಂತ್ರದಲ್ಲಿ ಕೆಂಪು ಬೆಳಕು ಬರುತ್ತಿತ್ತು, ಲೆನ್ಸ್ ಕುಣಿಯುತ್ತಿತ್ತು, ಡಿಸ್ಕ್ ತಿರುಗಲು ಶುರು ಮಾಡಿ ನಿಧಾನವಾಗಿ ಮತ್ತೆ ತಿರುಗುತ್ತಿತ್ತು. ಫೋಕಸ್ ಸಿಕ್ಕಂತಾಗಿ ತಪ್ಪಿಹೋಗುತ್ತಿತ್ತು.

ಲೆನ್ಸ್ ಮೇಲೆ ಹಳದಿಗೆ ತಿರುಗಿದ ತೆಳ್ಳನೆಯ ಪೊರೆ. ಧೂಳಲ್ಲ, ಊದಿದರೆ ಹೋಗಲ್ಲ. ಈ ಯಂತ್ರದ ಫ್ಯಾನ್ ಹಿಂದಿದ್ದು, ಮುಂದಿನಿಂದ ಗಾಳಿ ಎಳೆಯುತ್ತದೆ. ಮನೆಯ ಹಾಲ್‌ನಲ್ಲಿ ಟಿವಿ ಪಕ್ಕ ದೇವರ ಗೂಡು, ಆಚೆ ಅಡುಗೆಮನೆ ಇದ್ದರೆ ಊದುಬತ್ತಿ ಹೊಗೆ, ಒಗ್ಗರಣೆ ಹೊಗೆ ಎಲ್ಲ ಇದರೊಳಗೇ ಹಾದುಹೋಗಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿದೆ. ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತುವ ಹಾಗಿಲ್ಲ. ಥಿನ್ನರ್, ಅಸಿಟೋನ್ ಮುಟ್ಟಿಸಲೇಬಾರದು, ಪ್ಲಾಸ್ಟಿಕ್ ಮಂಜಾಗುತ್ತದೆ.

ಪಿಕಪ್ ಜಾರುವ ಕಂಬಿಗಳ ಮೇಲೆ ಇನ್ನೊಂದು ಅಚ್ಚರಿ: ಯಾರೋ ಕೊಬ್ಬರಿ ಎಣ್ಣೆ ಹಚ್ಚಿದ್ದರು. ವಾಸನೆಯಿಂದಲೇ ಗೊತ್ತಾಯಿತು. ನಮ್ಮಲ್ಲಿ ಬಾಗಿಲ ಕೀಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಹಾಸನದ ಡಿಸೆಂಬರ್ ಬೆಳಗಿನಲ್ಲಿ ಕಂಬಿಯ ಮೇಲೆ ಮೇಣ ಮೆತ್ತಿದ ಹಾಗಿರುತ್ತದೆ. ಪೂರ್ತಿ ಒರೆಸಿ ತೆಗೆದು, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಬಿಳಿ ಗ್ರೀಸ್ ತೆಳ್ಳಗೆ ಹಚ್ಚಿದೆ.

ಇಷ್ಟಾದ ಮೇಲೆ ಗ್ರ್ಯಾನ್ ಟುರಿಸ್ಮೊ 3 ಬೇಗ ಶುರುವಾಗತೊಡಗಿತು. ಆದರೆ ಬಿಸಿಯಾದ ಮೇಲೆ ಮತ್ತದೇ ರಾಗ. ಗಾಡ್ ಆಫ್ ವಾರ್ 2 ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಮುಂದಿನದು ಓರೆ. ದಪ್ಪ ಪಿಎಸ್2ರ ಡ್ರೈವ್‌ನಲ್ಲಿ ಪಿಕಪ್‌ನ ಪಕ್ಕಕ್ಕೆ ಒಂದು ಬಿಳಿ ಹಲ್ಲುಚಕ್ರ ಇದೆ. ಅದನ್ನು ತಿರುಗಿಸಿದರೆ ಕಂಬಿಯ ಒಂದು ತುದಿ ಮೇಲೇರುತ್ತದೆ ಅಥವಾ ಇಳಿಯುತ್ತದೆ, ಲೇಸರ್ ಡಿಸ್ಕನ್ನು ನೋಡುವ ಕೋನ ಬದಲಾಗುತ್ತದೆ. ತಿರುಗಿಸುವ ಮೊದಲು ಮಾರ್ಕರ್‌ನಿಂದ ಚಕ್ರದ ಮೇಲೂ ಪಕ್ಕದಲ್ಲೂ ಒಂದು ಗೆರೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ವಾಪಸ್ ಬರಲು ದಾರಿ ಇರಲ್ಲ. ಒಂದೊಂದೇ ಹಲ್ಲು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಏನೂ ಫರಕಾಗಲಿಲ್ಲ. ಗೆರೆಗೆ ಗೆರೆ ಕೂಡಿಸಿ ಮೊದಲಿದ್ದಲ್ಲಿಗೇ ತಂದು ನಿಲ್ಲಿಸಿದೆ.

ತಿರುಗಿಸಿಟ್ಟಿದ್ದ ಸ್ಕ್ರೂ

ಪಿಕಪ್‌ನ ಮೇಲೆ ಎರಡು ಪುಟಾಣಿ ಪ್ರೀಸೆಟ್‌ಗಳಿವೆ, ಅಂದರೆ ಸ್ಕ್ರೂನಂತೆ ತಿರುಗಿಸಿ ಹೊಂದಿಸುವ ರೆಸಿಸ್ಟರ್‌ಗಳು. ಒಂದು ಸಿಡಿ ಲೇಸರ್‌ನದು, ಇನ್ನೊಂದು ಡಿವಿಡಿಯದು. ಭೂತಗನ್ನಡಿ ಹಿಡಿದು ನೋಡಿದರೆ ಸಿಡಿಯದರ ಕಚ್ಚು ಹೊಸದರಂತೆ ನೀಟಾಗಿದೆ. ಡಿವಿಡಿಯದರ ಅಂಚು ಜಜ್ಜಿಹೋಗಿದೆ, ಹಿತ್ತಾಳೆ ಬಣ್ಣ ಕಾಣುತ್ತಿದೆ. ಸೈಜಿಗೆ ಸರಿಯಿಲ್ಲದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ ಗುರುತು.

ಮೇಷ್ಟ್ರಿಗೆ ಫೋನ್ ಮಾಡಿದೆ. "ಇದನ್ನ ಮೊದಲು ಯಾರಾದ್ರೂ ರಿಪೇರಿ ಮಾಡಿದ್ರಾ ಸರ್?"

"ಹ್ಞೂಂ, ಅಟ್ಟಕ್ಕೆ ಹಾಕೋಕೆ ಮುಂಚೆ ಒಂದ್ಸಲ. ಹತ್ತು ನಿಮಿಷದಲ್ಲಿ ಮಾಡಿಕೊಟ್ರು. ನಾಲ್ಕೈದು ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಮೊದಲಿಗಿಂತ ಕೆಟ್ಟುಹೋಯ್ತು."

ಇದು ಪಿಎಸ್2ರ ಅತಿ ಜನಪ್ರಿಯ ರಿಪೇರಿ. ಲೇಸರ್‌ನ ಪಕ್ಕದಲ್ಲಿ ಅದರ ಬೆಳಕನ್ನು ಅಳೆಯುವ ಒಂದು ಸೆನ್ಸರ್ ಇರುತ್ತದೆ. ಬೆಳಕು ಕಡಿಮೆಯಾದರೆ ಸರ್ಕಿಟ್ ಹೆಚ್ಚು ಕರೆಂಟ್ ಕೊಡುತ್ತದೆ, ಹೆಚ್ಚಾದರೆ ಇಳಿಸುತ್ತದೆ. ಎಷ್ಟು ಬೆಳಕು ಸಾಕು ಅಂತ ಹೇಳುವುದೇ ಈ ಪ್ರೀಸೆಟ್. ಅದರ ರೆಸಿಸ್ಟೆನ್ಸ್ ಇಳಿಸಿದರೆ ಸರ್ಕಿಟ್ ಇನ್ನೂ ಬೆಳಕು ಬೇಕೆಂದು ಡಯೋಡ್‌ಗೆ ಹೆಚ್ಚು ಕರೆಂಟ್ ಹರಿಸುತ್ತದೆ. ಡಿಸ್ಕ್ ಓದುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾರೆ. ಹೆಚ್ಚು ಕರೆಂಟ್‌ನಿಂದ ಡಯೋಡ್ ಹೆಚ್ಚು ಬಿಸಿಯಾಗಿ ಬೇಗ ಮುದಿಯಾಗುತ್ತದೆ. ಬಳಲಿದ ಎತ್ತಿಗೆ ಬಾರುಕೋಲಿನಲ್ಲಿ ಹೊಡೆದು ಇನ್ನೊಂದು ಸಾಲು ಉಳಿಸಿಕೊಂಡಂತೆ.

ಪ್ರೀಸೆಟ್ ಮುಟ್ಟಲೇಬಾರದು ಅಂತ ನಾನು ಹೇಳಲ್ಲ. ಪಾರ್ಟ್ ಸಿಗದ ಯಂತ್ರಕ್ಕೆ ಕೊನೆಯ ದಾರಿ ಅದು. ಆಗಲೂ ಮೊದಲು ಪವರ್ ತೆಗೆದು, ಇರುವ ಓಮ್ ಲೆಕ್ಕ ಬರೆದಿಟ್ಟುಕೊಂಡು, ಒಂದು ಸಲಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಡಿಸ್ಕ್ ಓದಿದ ತಕ್ಷಣ ನಿಲ್ಲಿಸಬೇಕು. ನನ್ನ ತಕರಾರು ಇರುವುದು ಲೆನ್ಸ್ ಒರೆಸುವುದಕ್ಕೂ ಮೊದಲೇ ಅದಕ್ಕೆ ಕೈ ಹಾಕುವವರ ಬಗ್ಗೆ. ಈ ಯಂತ್ರದಲ್ಲಿ ಅವತ್ತು ಬರೀ ಜಿಡ್ಡೇ ಇದ್ದಿರಬಹುದು. ಜಿಡ್ಡಿನ ಮೂಲಕ ನೋಡಲು ಲೇಸರ್‌ಗೆ ಕರೆಂಟ್ ಏರಿಸಿದಂತಾಯಿತು.

ಈಗ ಇನ್ನಷ್ಟು ಏರಿಸಿ ಪ್ರಯೋಜನ ಇರಲಿಲ್ಲ. ಪಿಕಪ್ ಬದಲಿಸಲು ಮೇಷ್ಟ್ರು ಒಪ್ಪಿದರು.

ಬದಲಿ

ಪಿಎಸ್2 ಜಪಾನ್‌ನಲ್ಲಿ ಬಿಡುಗಡೆಯಾದದ್ದು 2000ದ ಮಾರ್ಚ್ 4ರಂದು. ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾಯಿತು. 2013ರ ಆರಂಭದ ಹೊತ್ತಿಗೆ ತಯಾರಿಕೆ ನಿಂತಿತ್ತು. ಹಾಗಾಗಿ ಇವತ್ತು "ಹೊಸದು" ಅಂತ ಸಿಗುವ ಪಿಕಪ್‌ಗಳಲ್ಲಿ ಹಳೆಯದನ್ನು ತೊಳೆದು ಪ್ಯಾಕ್ ಮಾಡಿದವೂ ಇರುತ್ತವೆ. ಈ ಕಾಲದ ದಪ್ಪ ಯಂತ್ರಗಳಿಗೆ ಹೆಚ್ಚಾಗಿ ಸಿಗುವುದು ಕೆಎಚ್‌ಎಸ್-400ಸಿ. ಆನ್‌ಲೈನ್‌ನಲ್ಲಿ ತರಿಸಿ, ಬಂದ ಕೂಡಲೇ ಅದೇ ಭೂತಗನ್ನಡಿಯಲ್ಲಿ ಪ್ರೀಸೆಟ್‌ಗಳ ಕಚ್ಚು ನೋಡಿದೆ. ಎರಡೂ ನೀಟಾಗಿದ್ದವು. ಇಲ್ಲದಿದ್ದರೆ ವಾಪಸ್ ಕಳಿಸುತ್ತಿದ್ದೆ.

ಹೊಸ ಪಿಕಪ್ ಹಾಕುವವರು ಎಡವುವ ಜಾಗ ಒಂದಿದೆ. ಲೇಸರ್ ಡಯೋಡ್‌ಗೆ ನಮ್ಮ ಮೈಯ ಸ್ಟ್ಯಾಟಿಕ್ ವಿದ್ಯುತ್ತೇ ಸಾಕು ಸಾಯಲು. ಅದಕ್ಕೇ ಫ್ಯಾಕ್ಟರಿಯಲ್ಲಿ ಪಿಕಪ್‌ನ ಸಣ್ಣ ಬೋರ್ಡಿನ ಮೇಲೆ ಪಕ್ಕಪಕ್ಕದ ಎರಡು ಬಿಂದುಗಳನ್ನು ಒಂದು ಹನಿ ಸೋಲ್ಡರ್‌ನಿಂದ ಬೆಸೆದು ಡಯೋಡನ್ನು ಶಾರ್ಟ್ ಮಾಡಿಟ್ಟಿರುತ್ತಾರೆ. ಸಾಸಿವೆಗಿಂತ ಚಿಕ್ಕ ಬೊಟ್ಟು. ಅದನ್ನು ತೆಗೆಯದೆ ಹಾಕಿದರೆ ಲೇಸರ್ ಹೊತ್ತುವುದೇ ಇಲ್ಲ. ಹೊಸ ಪಾರ್ಟೇ ಸತ್ತುಬಂದಿದೆ ಅಂತ ಎಷ್ಟೋ ಜನ ಬೈದುಕೊಳ್ಳುವುದು ಇದರಿಂದಲೇ. ಅದನ್ನು ಮೊದಲೇ ತೆಗೆದರೆ ಜೋಡಿಸುವಾಗ ಸ್ಟ್ಯಾಟಿಕ್‌ಗೆ ಡಯೋಡ್ ಬಲಿ. ಮೊದಲು ಪಿಕಪ್ ಕೂರಿಸಿ, ರಿಬ್ಬನ್ ಕೇಬಲ್ ಸಿಕ್ಕಿಸಿ ಲಾಕ್ ಮಾಡಿ, ಆಮೇಲೆ ಸೋಲ್ಡರ್ ವಿಕ್ (ಕರಗಿದ ಸೋಲ್ಡರ್ ಹೀರುವ ತಾಮ್ರದ ಜಡೆ) ಇಟ್ಟು ಕಾದ ಐರನ್‌ನ ತುದಿ ಒಂದು ಕ್ಷಣ ತಾಗಿಸಿ ಆ ಬೊಟ್ಟನ್ನು ಹೀರಿಸಿದೆ. ಮಲ್ಟಿಮೀಟರ್ ಇಟ್ಟು ಪರೀಕ್ಷಿಸುವ ಆಸೆಯನ್ನು ಇಲ್ಲಿ ತಡೆದುಕೊಳ್ಳಬೇಕು, ಮೀಟರ್‌ನ ಕರೆಂಟೂ ಡಯೋಡ್‌ಗೆ ಒಳ್ಳೆಯದಲ್ಲ. ಕಣ್ಣಿನಲ್ಲೇ ನೋಡಿದರೆ ಸಾಕು.

ಪಿಕಪ್ ಬದಲಿಸುವುದು ಕಷ್ಟವಲ್ಲ. ಕಂಬಿಯ ಹಿಡಿತ ಸಡಿಲಿಸಿ, ಹಳೆಯದನ್ನು ಜಾರಿಸಿ ತೆಗೆದು ಹೊಸದನ್ನು ಕೂರಿಸುವುದು. ಕೈಯಿಂದ ಆಚೆ ಈಚೆ ಸರಿಸಿದರೆ ಎಲ್ಲೂ ಸಿಕ್ಕಿಕೊಳ್ಳಬಾರದು, ಅಷ್ಟೇ.

ಮೊದಲು ಹಾಡಿನ ಸಿಡಿ, ಬಂತು. ಗ್ರ್ಯಾನ್ ಟುರಿಸ್ಮೊ 3 ಬಂತು. ಸ್ಯಾನ್ ಆಂಡ್ರಿಯಾಸ್ ಬಂತು. ಗಾಡ್ ಆಫ್ ವಾರ್ 2 ಶುರುವಾಗಿ, ಒಂದು ಲೋಡಿಂಗ್‌ನಲ್ಲಿ ತಡವರಿಸಿತು. ಈಗ ಲಕ್ಷಣ ಬೇರೆ. ಬಿಸಿ, ತಂಪು ಎರಡರಲ್ಲೂ ಅದೇ ಜಾಗದಲ್ಲಿ ತಡವರಿಕೆ. ಹಳೆಯ ಪಿಕಪ್‌ಗೆ ಹೊಂದಿಸಿದ್ದ ಓರೆ ಹೊಸದಕ್ಕೆ ಸರಿಹೋಗಬೇಕೆಂದೇನಿಲ್ಲ. ಮತ್ತೆ ಬಿಳಿ ಚಕ್ರಕ್ಕೆ ಬಂದೆ. ಒಂದು ಹಲ್ಲು ತಿರುಗಿಸಿದ್ದಕ್ಕೇ ತಡವರಿಕೆ ನಿಂತಿತು. ಇನ್ನೊಂದು ಹಲ್ಲು ಮುಂದೆ ಹೋದರೆ ಡಿಸ್ಕ್ ಗೊರಗೊರ ಅನ್ನತೊಡಗಿತು, ಹಿಂದೆ ತಂದೆ. ಸೊರಗಿದ ಲೇಸರ್‌ನಲ್ಲಿ ಏನೂ ಕೊಡದ ಅದೇ ಚಕ್ರ ಇಲ್ಲಿ ಕೆಲಸ ಮುಗಿಸಿತು. ರಿಪೇರಿ ಯಾವ ಕ್ರಮದಲ್ಲಿ ಮಾಡುತ್ತೇವೆ ಎನ್ನುವುದು ಇದಕ್ಕೇ ಮುಖ್ಯ.

ಕೊನೆಯ ಪರೀಕ್ಷೆಯನ್ನು ಕವಚ ಮುಚ್ಚಿಯೇ ಮಾಡಬೇಕು. ತೆರೆದಿಟ್ಟಾಗ ಒಳಗೆ ತಂಪು, ಮುಚ್ಚಿದರೆ ಬಿಸಿ. ಹಳೆಯ ರೋಗ ಬಿಸಿಯಲ್ಲೇ ತಾನೇ ಕಾಣಿಸಿಕೊಂಡಿದ್ದು. ಇಡೀ ಮಧ್ಯಾಹ್ನ ಗಾಡ್ ಆಫ್ ವಾರ್ 2 ಓಡಿಸಿಟ್ಟೆ. ಪರೀಕ್ಷೆ ಅಂತ ಹೇಳಿದರೆ ಮನೆಯಲ್ಲಿ ಯಾರೂ ನಂಬಲಿಲ್ಲ.

ಇದೆಲ್ಲ ದಪ್ಪ ಮಾದರಿಯ ಮಾತು. ಸ್ಲಿಮ್ ಪಿಎಸ್2 ಇದ್ದವರು ಇದನ್ನೇ ಓದಿಕೊಂಡು ಹೊರಡಬೇಡಿ. ಅದರ ಪಿಕಪ್ ಬೇರೆ. 70000 ಸರಣಿಯಲ್ಲಿ ರಿಬ್ಬನ್ ಕೇಬಲ್ ಮೇಲೆದ್ದು ತಿರುಗುವ ಡಿಸ್ಕ್‌ಗೆ ಉಜ್ಜಿ, ಉಂಗುರದಂಥ ಗೀರು ಮಾಡುವ ತೊಂದರೆಯೂ ಇದೆ. ಅಲ್ಲಿ ಮೊದಲು ನೋಡಬೇಕಾದ್ದು ಆ ಕೇಬಲ್.

ಯಂತ್ರ ಒಯ್ಯಲು ಬಂದಾಗ ಹುಡುಗನಿಗೆ ಇನ್ನೊಂದು ದಾರಿಯನ್ನೂ ಹೇಳಿದೆ. ಈ ಮಾದರಿಯ ಹಿಂದೆ ಹಾರ್ಡ್ ಡಿಸ್ಕ್ ಕೂರಿಸುವ ಜಾಗ ಇದೆ. ಸೋನಿಯ ನೆಟ್‌ವರ್ಕ್ ಅಡಾಪ್ಟರ್, ಒಂದು ಹಳೆಯ ಐಡಿಇ ಹಾರ್ಡ್ ಡಿಸ್ಕ್, ಫ್ರೀಮೆಕ್‌ಬೂಟ್ (ಬೇರೆಯವರು ಬರೆದ ಸಾಫ್ಟ್‌ವೇರ್ ಓಡಿಸಲು ಬಿಡುವ ಪ್ರೋಗ್ರಾಂ) ಹಾಕಿದ ಮೆಮರಿ ಕಾರ್ಡ್ ಇದ್ದರೆ ತನ್ನ ಗೇಮ್‌ಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡು ಓಪನ್ ಪಿಎಸ್2 ಲೋಡರ್ ಎಂಬ ಪ್ರೋಗ್ರಾಂನಿಂದ ಆಡಬಹುದು. ಆಗ ಲೇಸರ್ ಸವೆಯುವ ಪ್ರಶ್ನೆಯೇ ಇಲ್ಲ.

"ಬೇಡ ಅಂಕಲ್, ಡಿಸ್ಕ್ ಹಾಕಿಯೇ ಆಡ್ತೀನಿ," ಅಂದ.

ಸರಿ, ಹಾಗಾದರೆ ಎರಡು ವಿಷಯ ನೆನಪಿಟ್ಟುಕೋ ಅಂದೆ. ಗಾಡ್ ಆಫ್ ವಾರ್ 2 ತಡ ಮಾಡಿದ ದಿನ ಲೆನ್ಸ್ ಒರೆಸುವ ಸಮಯ ಬಂದಿದೆ ಅಂತ ತಿಳಿ, ಮಿಕ್ಕ ಡಿಸ್ಕ್‌ಗಳೂ ಕೈಕೊಡುವವರೆಗೆ ಕಾಯಬೇಡ. ಯಂತ್ರವನ್ನು ದೇವರ ಗೂಡಿನ ಪಕ್ಕದಿಂದ ತೆಗೆದು ಬೇರೆಲ್ಲಾದರೂ ಇಡು. ಎರಡನೆಯದಕ್ಕೆ ಅಮ್ಮನ ಒಪ್ಪಿಗೆ ಬೇಕು ಅಂತ ಮೇಷ್ಟ್ರು ನಕ್ಕರು.